ತಾಳ ತಪ್ಪಿದ ಬಡಿತ ಗುರುತಿಸುವುದು: ನಮ್ಮ ಇಸಿಜಿ ಯೋಜನೆ ಈಗ ಎಲ್ಲಿದೆ

ಬದಿಯಡ್ಕದ ಮೇಜಿನ ಮೇಲಿರುವುದು ಹೃದಯದ ಸಣ್ಣ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಎಡಿ8232 ಮಾಡ್ಯೂಲ್, ಅದನ್ನು ಅಳೆಯುವ ಪುಟ್ಟ ಕಂಪ್ಯೂಟರ್ ಚಿಪ್ ಇಎಸ್‌ಪಿ32 ಮತ್ತು ಮೈಗೆ ಅಂಟಿಸುವ, ಜೆಲ್ ಇರುವ ಮೂರು ಎಲೆಕ್ಟ್ರೋಡ್. ಎಲ್ಲವೂ ಬ್ಯಾಟರಿಯಲ್ಲೇ ಓಡಬೇಕು. ಎಲೆಕ್ಟ್ರೋಡ್ ಮೈಮೇಲಿರುವಾಗ ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪ್‌ಗೆ ಜೋಡಿಸಲೇಬಾರದು. ಕಾಸರಗೋಡಿನ ಸೆಕೆಗೆ ಬೆವರಿ ಪ್ಯಾಡ್ ಸಡಿಲವಾದರೆ ಗೆರೆ ತೇಲುತ್ತದೆ. ಚರ್ಮ ಒರೆಸಿ, ಒಣಗಿಸಿ ಅಂಟಿಸುವುದು ಯಾವ ಫಿಲ್ಟರಿಗಿಂತಲೂ ಮೇಲು.

ಮಳೆಗಾಲದಲ್ಲಿ ಕರೆಂಟು ಹೋಗಿ ಸ್ಕ್ವೇರ್‌ವೇವ್ ಇನ್ವರ್ಟರ್ ಶುರುವಾದಾಗ ಇನ್ನೊಂದು ತೊಂದರೆ. ಎಂಐಟಿ-ಬಿಐಎಚ್ ಎಂಬ ಇಸಿಜಿ ದಾಖಲೆಗಳ ಸಂಗ್ರಹಕ್ಕೆ ಹೊಂದಲೆಂದು ಸೆಕೆಂಡಿಗೆ 360 ಸಲ ಅಳೆಯುತ್ತೇವೆ. ಇನ್ವರ್ಟರಿನ 50 ಹರ್ಟ್ಸ್ ಕರೆಂಟಿನ ಏಳು ಪಟ್ಟು ಕಂಪನ, ಅಂದರೆ ಏಳನೇ ಹಾರ್ಮೋನಿಕ್, 350 ಹರ್ಟ್ಸ್. ಮಾಡ್ಯೂಲಿನಿಂದ ಇಎಸ್‌ಪಿ32ಕ್ಕೆ ಹೋಗುವ ವೈರು ಅದನ್ನು ಹಿಡಿದುಕೊಂಡರೆ, 360ರ ಅಳತೆಯಲ್ಲಿ ಅದು ಮಡಚಿ (360ರಿಂದ 350 ಕಳೆದು) 10 ಹರ್ಟ್ಸ್ ಆಗಿ ಕಾಣಿಸುತ್ತದೆ. ಬಡಿತ ಗುರುತಿಸುವ ಪ್ಯಾನ್-ಟಾಂಪ್ಕಿನ್ಸ್ ವಿಧಾನ ಆರ್ ಶಿಖರ (ಪ್ರತಿ ಬಡಿತದ ಎತ್ತರದ ಮೊನೆ) ಹುಡುಕುವ 5–15 ಹರ್ಟ್ಸ್ ಪಟ್ಟಿಯ ನಟ್ಟನಡುವೆಯೇ! ಸೆಕೆಂಡಿಗೆ 1080 ಸಲ ಅಳೆದು ಮೂರು ಮೂರರ ಸರಾಸರಿ ತೆಗೆದರೆ ಅದು ಸುಮಾರು ಮೂವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ವೈರನ್ನೂ ಗಿಡ್ಡ ಮಾಡಿ.

ಶಿಖರ ಸಿಕ್ಕ ಮೇಲೆ ಉಳಿಯುವುದು ಆರ್-ಆರ್ ಅಂತರಗಳು, ಅಂದರೆ ಒಂದು ಶಿಖರದಿಂದ ಮುಂದಿನದಕ್ಕೆ ಹಿಡಿಯುವ ಸಮಯ. ಅಂತರ ಎಷ್ಟು ಏರುಪೇರಾಗುತ್ತದೆ ಎಂದಷ್ಟೇ ನೋಡಿದರೆ ಮೋಸಹೋಗುತ್ತೇವೆ. ಒಂದು ಬಿಟ್ಟು ಒಂದು ಬಡಿತ ಬೇಗ ಬರುವ ಬೈಜೆಮಿನಿಯಲ್ಲಿ ಅಂತರ 520, 1080, 520, 1080 ಮಿಲಿಸೆಕೆಂಡ್ ಎಂದು ಸಾಗಿದರೆ ಅಕ್ಕಪಕ್ಕದ ವ್ಯತ್ಯಾಸ ಪ್ರತಿಸಲವೂ 560. ಪ್ರೋಗ್ರಾಮ್ ಅದನ್ನು ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಕಂಪಿಸುವ ರೋಗ) ಎಂದು ಕೂಗುತ್ತದೆ. ಒಂದನ್ನು ಬಿಟ್ಟು ಮುಂದಿನ ಅಂತರದೊಡನೆ ಹೋಲಿಸಿ: ಬೈಜೆಮಿನಿಯಲ್ಲಿ ವ್ಯತ್ಯಾಸ ಸೊನ್ನೆಯ ಹತ್ತಿರ ಬರುತ್ತದೆ, ಫಿಬ್ರಿಲೇಶನ್‌ನಲ್ಲಿ ಚದುರಿಯೇ ಇರುತ್ತದೆ. ಪ್ರತಿ ಮೂರನೇ ಬಡಿತ ಬೇಗ ಬರುವ ಟ್ರೈಜೆಮಿನಿಗೆ ಎರಡನ್ನು ಬಿಟ್ಟು ನೋಡಬೇಕು. ಎಳೆಯರಲ್ಲಿ ಉಸಿರಿನೊಂದಿಗೆ ಅಂತರ ನಿಧಾನವಾಗಿ ಹಿಗ್ಗಿ ಕುಗ್ಗುವುದು ಸಹಜ, ಅದನ್ನು ರೋಗವೆಂದು ಎಣಿಸಬೇಡಿ.

ಪ್ರೋಗ್ರಾಮಿನ ತರಬೇತಿಗೂ ಪರೀಕ್ಷೆಗೂ ದಾಖಲೆಗಳನ್ನು ಹಂಚುವಾಗ ಒಬ್ಬರ ಬಡಿತ ಎರಡೂ ಕಡೆ ಸೇರಬಾರದು. ಎಂಐಟಿ-ಬಿಐಎಚ್ ಸಂಗ್ರಹದಲ್ಲಿ 48 ದಾಖಲೆಗಳಿದ್ದರೂ ವ್ಯಕ್ತಿಗಳು 47. 201 ಮತ್ತು 202 ಒಬ್ಬರದೇ. ಇವೆರಡರಲ್ಲಿ ಒಂದನ್ನು ತರಬೇತಿಗೆ, ಇನ್ನೊಂದನ್ನು ಪರೀಕ್ಷೆಗೆ ಹಾಕಿ ಬಂದ ಅಂಕಕ್ಕೆ ಬೆಲೆಯಿಲ್ಲ.

ಉಳಿದಿರುವ ಕಗ್ಗಂಟು, ಮೇಲಿಂದ ಮೇಲೆ ಬರುವ ಏಟ್ರಿಯಲ್ (ಮೇಲಿನ ಕೋಣೆಯ) ಅಕಾಲಿಕ ಬಡಿತಗಳು. ಅಂತರ ಮಾತ್ರ ನೋಡಿದರೆ ಫಿಬ್ರಿಲೇಶನ್‌ನಂತೆಯೇ ಕಾಣುತ್ತವೆ. ಈಗ 30 ಬಡಿತಗಳನ್ನು ಆರ್ ಶಿಖರಕ್ಕೆ ಹೊಂದಿಸಿ ಸರಾಸರಿ ತೆಗೆಯುತ್ತಿದ್ದೇವೆ. ಗದ್ದಲ ಸುಮಾರು ಐದೂವರೆ ಪಟ್ಟು ತಗ್ಗುತ್ತದೆ. ಮೇಲಿನ ಕೋಣೆಗಳು ಕ್ರಮವಾಗಿ ಬಡಿದಾಗ ಆರ್ ಶಿಖರಕ್ಕೆ ಮುಂಚೆ ಬರುವ ಪಿ ಅಲೆ ಇದ್ದರೆ ಎದ್ದು ನಿಲ್ಲುತ್ತದೆ, ಫಿಬ್ರಿಲೇಶನ್ ಆದರೆ ಆ ಜಾಗ ಸಪಾಟು. ಎರಡೂ ಅಲ್ಲದ್ದನ್ನು ಪ್ರೋಗ್ರಾಮ್ 'ಹೇಳಲಾಗದು' ಎಂದೇ ಬರೆಯಬೇಕು. ಅಂಥವರಿಗೆ ವೈದ್ಯರ ಬಳಿ 12 ಲೀಡ್ (ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುವ) ಇಸಿಜಿಯೇ ಆಗಬೇಕು.