ಗೇಮ್‌ನ ಹೀರೋನ ನಮ್ಮ ಟೇಬಲ್‌ಗೆ ತರಬಹುದಾ?

ಟೇಬಲ್ ಸುತ್ತ ಕೂತು, ದಾಳ ಉರುಳಿಸಿ, ಮಾತಲ್ಲೇ ಕಥೆ ಕಟ್ಟುವ ರೋಲ್‌ಪ್ಲೇ ಆಟವನ್ನು ನಾನು ತುಂಬಾ ದಿನದಿಂದ ನಡೆಸುತ್ತಿದ್ದೇನೆ. ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರು ವಿಡಿಯೋ ಗೇಮ್ ಆಡಿಕೊಂಡು ಬಂದವರು. ಅವರೆಲ್ಲ ಕೇಳೋದು ಒಂದೇ: "ಗೇಮ್‌ನಲ್ಲಿ ನನಗಿಷ್ಟವಾದ ಪಾತ್ರವನ್ನು ಇಲ್ಲಿಗೆ ತರಬಹುದಾ? ಅವನ ಆಯುಧಕ್ಕೆ ಎಷ್ಟು ಡ್ಯಾಮೇಜ್ ಕೊಡ್ತೀರಿ?"

ತರಬಹುದು, ಖಂಡಿತ ತರಬಹುದು. ಆದರೆ ಡ್ಯಾಮೇಜ್, ಅಂದರೆ ಒಂದು ಏಟಿಗೆ ಎಷ್ಟು ಪೆಟ್ಟು ಅನ್ನುವ ಲೆಕ್ಕದಿಂದ ಶುರು ಮಾಡಿದರೆ ಪಾತ್ರ ಕೈಗೆ ಸಿಗೋದಿಲ್ಲ.

ಯಾಕೆ ಅಂತ ಒಂದು ಲೆಕ್ಕ ನೋಡಿ. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಒಂದು ಏಟಿಗೆ 9999ರವರೆಗೆ ಡ್ಯಾಮೇಜ್ ಹೋಗುತ್ತದೆ. ನಾನು ನಡೆಸುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿ. ಅದರಲ್ಲಿ ಬೆಳೆದ ಕೆಂಪು ಡ್ರ್ಯಾಗನ್‌ಗೆ ಇರುವುದು 256 ಹಿಟ್ ಪಾಯಿಂಟ್, ಅಂದರೆ ಅಷ್ಟು ಡ್ಯಾಮೇಜ್ ಆದರೆ ಅದು ಸಾಯುತ್ತದೆ. ಆ ಒಂದು ಏಟನ್ನು ಹಾಗೇ ತಂದರೆ 39 ಡ್ರ್ಯಾಗನ್ ಒಟ್ಟಿಗೇ ಸಾಯುತ್ತವೆ. ಸರಿ, ಸಾವಿರದಿಂದ ಭಾಗಿಸೋಣ ಅಂತೀರಾ? ಆಗ ಉಳಿಯುವುದು ಬೇರೆ ಯಾವ ಕತ್ತಿಗೂ ಇರಬಹುದಾದ ಒಂದು ಅಂಕಿ. ನಮ್ಮ ಆಟದಲ್ಲಿ ಅಂಕಿಗಳಿಗೆ ಜಾಗವೇ ಕಡಿಮೆ. ಮಾಯಾ ಆಯುಧಕ್ಕೆ ಸಾಮಾನ್ಯವಾಗಿ ಸಿಗುವ ಹೆಚ್ಚುವರಿ ಬಲ ಜಾಸ್ತಿ ಅಂದರೆ 3. ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕಿ ಹೆಚ್ಚಿದರೂ ಗುರಿ ತಾಗುವ ಸಾಧ್ಯತೆ ಶೇಕಡಾ 5 ಏರುತ್ತದೆ. ಹಾಗಾಗಿ ಅಂಕಿ ಏರಿಸುತ್ತಾ ಹೋದರೆ ದಾಳ ಹಾಕುವುದಕ್ಕೇ ಅರ್ಥ ಇರೋದಿಲ್ಲ.

ಅದಕ್ಕೇ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಆ ಆಯುಧ ಕೈಯಲ್ಲಿದ್ದಾಗ ನೀವು ಏನು ಯೋಚನೆ ಮಾಡ್ತೀರಿ? ಕಂಟ್ರೋಲರ್ ಹಿಡಿದು ಕೂತಾಗ, ಆ ಅರ್ಧ ಸೆಕೆಂಡಿನಲ್ಲಿ, ಯಾವ ಎರಡು ದಾರಿಗಳ ನಡುವೆ ಆರಿಸ್ತೀರಿ? ಟೇಬಲ್‌ಗೆ ತರಬೇಕಾದದ್ದು ಆ ಆಯ್ಕೆಯನ್ನು.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ನಮ್ಮ ಆಟಗಾರನೊಬ್ಬನಿಗೆ 2018ರ ಗಾಡ್ ಆಫ್ ವಾರ್ ಅಂದರೆ ಪ್ರಾಣ. ಅವನಿಗೆ ಆ ಗೇಮ್‌ನ ಹೀರೋ ಕ್ರೇಟೋಸ್‌ನ ಲೆವಾಯಥನ್ ಅನ್ನುವ ಕೊಡಲಿ ಬೇಕಿತ್ತು. ಎಸೆದರೆ ವಾಪಸ್ ಬರುವ ಆಯುಧ ನಮ್ಮ ನಿಯಮದ ಪುಸ್ತಕದಲ್ಲೇ ಇದೆ. ಡ್ವಾರ್ವೆನ್ ಥ್ರೋವರ್ ಅನ್ನುವ ಸುತ್ತಿಗೆ, ಏಟು ಮುಗಿದ ತಕ್ಷಣ ಕೈಗೆ ಹಾರಿ ಬರುತ್ತದೆ. ಅದಕ್ಕೇ ಕೊಡಲಿ ಅಂತ ಹೆಸರು ಬದಲಿಸಿ ಕೊಟ್ಟೆ. ಎರಡು ವಾರ ಆಡಿದ. ಮೂರನೇ ವಾರ, "ಚೆನ್ನಾಗಿದೆ, ಆದ್ರೆ ಇದು ಅದಲ್ಲ" ಅಂದ.

ಅವನು ಹೇಳಿದ್ದು ಸರಿ. ಮನೆಗೆ ಹೋಗಿ ಗೇಮ್ ಹಾಕಿ ನೋಡಿದೆ. ಆ ಕೊಡಲಿ ತಾನಾಗಿ ವಾಪಸ್ ಬರೋದಿಲ್ಲ. ನಾವು ಕರೆಯುವವರೆಗೂ ನೆಟ್ಟಲ್ಲೇ ಇರುತ್ತದೆ. ಅಲ್ಲಿಯವರೆಗೆ ಕ್ರೇಟೋಸ್ ಬರಿ ಮುಷ್ಟಿ ಮತ್ತು ಗುರಾಣಿಯಲ್ಲಿ ಹೊಡೆದಾಡುತ್ತಾನೆ. ಸಣ್ಣ ಶತ್ರುಗೆ ನೆಟ್ಟರೆ ಅವನು ಹೆಪ್ಪುಗಟ್ಟಿ ನಿಲ್ಲುತ್ತಾನೆ. ಗೋಡೆಯ ಹಲ್ಲುಚಕ್ರಕ್ಕೆ ನೆಟ್ಟರೆ ಚಕ್ರ ನಿಲ್ಲುತ್ತದೆ. ಅಂದರೆ ಆ ಕೊಡಲಿಯ ಸೊಗಸು ಇರುವುದು ಅದು ಕೈಯಲ್ಲಿ ಇಲ್ಲದಾಗ!

ಹೊಸ ನಿಯಮ ಬರೆದೆ. ಹತ್ತಿರ ಹೊಡೆದರೆ ಮಾಮೂಲಿ ಕೊಡಲಿ, ಎಂಟು ಮುಖದ ಒಂದು ದಾಳ. ಎಸೆದರೆ 20 ಅಡಿಯವರೆಗೆ ಸಲೀಸು, 60 ಅಡಿಯವರೆಗೆ ಕಷ್ಟ. ತಾಗಿದರೆ ಅಲ್ಲೇ ನೆಡುತ್ತದೆ. ತಾಗಿಸಿಕೊಂಡವನು ಮೈಬಲದ ದಾಳದಲ್ಲಿ 13 ದಾಟದಿದ್ದರೆ ಕಾಲು ಕಿತ್ತಿಡಲಾರ. ಪ್ರತಿ ಸರದಿಯ ಕೊನೆಗೆ ಇನ್ನೊಮ್ಮೆ ಹಾಕಬಹುದು. ಕರೆಯಲು ಬೋನಸ್ ಆಕ್ಷನ್, ಅಂದರೆ ಸರದಿಯಲ್ಲಿ ಸಿಗುವ ಒಂದು ಸಣ್ಣ ಹೆಚ್ಚುವರಿ ಕೆಲಸ, ಖರ್ಚು. ಬರುವ ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಅವರಿಗೂ ಒಂದು ಗೀರು. ಹೆಚ್ಚುವರಿ ಬಲ ಒಂದಂಕಿಯೂ ಇಲ್ಲ.

ಮುಂದಿನ ಆಟದಲ್ಲಿ ಅವನು ಅದನ್ನು ಓಗ್ರ ಅನ್ನುವ ದೊಡ್ಡ ರಾಕ್ಷಸನ ತೊಡೆಗೆ ಎಸೆದ. ಓಗ್ರ ನಿಂತ ಜಾಗದಲ್ಲೇ ನಿಂತ. ಅವನಿಂದ ಇಪ್ಪತ್ತಡಿ ಆಚೆ ನಮ್ಮ ಕ್ಲೆರಿಕ್, ಗಾಯ ಮಾಯಿಸುವ ಪೂಜಾರಿ ಪಾತ್ರ, ಪ್ರಜ್ಞೆ ತಪ್ಪಿ ಬಿದ್ದಿದ್ದಳು, ಸಾವಿನ ದಾಳದಲ್ಲಿ ಆಗಲೇ ಎರಡು ಸೋತಿದ್ದಳು, ಮೂರನೆಯದೂ ಸೋತರೆ ಸಾವು. ಮಧ್ಯೆ ಮೂರು ಗಾಬ್ಲಿನ್, ಅಂದರೆ ಕುಳ್ಳ ದುಷ್ಟ ಜೀವಿಗಳು. ನಮ್ಮ ಹುಡುಗನ ಕೈ ಖಾಲಿ. ಒಂದು ಗುದ್ದಿಗೆ 5 ಡ್ಯಾಮೇಜ್, ಗಾಬ್ಲಿನ್‌ಗೆ ಇರುವುದು 7. ಒಂದೊಂದಕ್ಕೂ ಎರಡೆರಡು ಗುದ್ದು ಬೇಕು. ಕೊಡಲಿ ಕೈಗೆ ಬಂದರೆ ಒಂದೇ ಏಟಿಗೆ ಮುಗಿಸಬಹುದು. ಆದರೆ ಕರೆದ ಕ್ಷಣ ಓಗ್ರ ಬಿಡುಗಡೆ. "ಕರೀಲಾ?" ಅಂತ ಕೇಳಿದ. ಪಕ್ಕದವಳು ಕುರ್ಚಿಯಿಂದ ಎದ್ದೇ ಬಿಟ್ಟಳು. "ಕರೀಬೇಡ ಕಣೋ, ಅದು ಅಲ್ಲೇ ಇರ್ಲಿ!" ಮೂರು ಸುತ್ತು ಅವನು ಬರಿಗೈಯಲ್ಲಿ ಗುದ್ದಾಡಿದ. ಕ್ಲೆರಿಕ್ ಉಳಿದಳು. ಆ ರಾತ್ರಿ "ಈಗ ಇದು ಅದೇ" ಅಂತ ಮೆಸೇಜ್ ಹಾಕಿದ.

ಪಾತ್ರಗಳ ವಿಷಯಕ್ಕೂ ಇದೇ ಮಾತು. ವಿಚರ್ ಗೇಮ್‌ಗಳ ಹೀರೋ, ದೈತ್ಯಗಳ ಬೇಟೆಗಾರ ಗೆರಾಲ್ಟ್ ಬೇಕು ಅನ್ನುವವರು ಬಹಳ. ಯಾವ ಕ್ಲಾಸ್ (ಪಾತ್ರದ ಕಸುಬು) ಕೊಡ್ಲಿ, ಕಾಡಿನ ಬೇಟೆಗಾರ ರೇಂಜರಾ, ಯೋಧ ಫೈಟರಾ ಅಂತ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಎರಡೂ ಆಗುತ್ತದೆ. ಅವನ ಮಂತ್ರದ ಚಿಹ್ನೆಗಳಿಗೆ ಹತ್ತಿರದ ಮಂತ್ರಗಳು ಸಿಗುತ್ತವೆ: ಬೆಂಕಿ ಉಗುಳುವ ಇಗ್ನಿಗೆ ಬರ್ನಿಂಗ್ ಹ್ಯಾಂಡ್ಸ್, ಎದುರಿನವರನ್ನು ತಳ್ಳುವ ಆರ್ಡ್‌ಗೆ ಥಂಡರ್‌ವೇವ್. ರಕ್ಷಣೆ ಕೊಡುವ ಕ್ವೆನ್‌ಗೆ ಎಲ್ಲರೂ ಏಟು ತಪ್ಪಿಸುವ ಶೀಲ್ಡ್ ಮಂತ್ರ ಕೊಡುತ್ತಾರೆ, ಅದು ಸರಿಯಲ್ಲ. ಕ್ವೆನ್ ಏಟನ್ನು ತಪ್ಪಿಸೋದಿಲ್ಲ, ಏಟು ತಿಂದು ಒಡೆಯುತ್ತದೆ. ಅದಕ್ಕೆ ತಾತ್ಕಾಲಿಕ ಹಿಟ್ ಪಾಯಿಂಟೇ ಸರಿಯಾದ ಜೋಡಿ.

ಆದರೆ ಇಷ್ಟೆಲ್ಲ ಕೊಟ್ಟ ಮೇಲೂ ಗೆರಾಲ್ಟ್ ಬಂದಿರೋದಿಲ್ಲ. 2015ರ ವಿಚರ್ 3 ಆಡಿದವರಿಗೆ ಗೊತ್ತು, ಅವನ ಹೊಡೆದಾಟ ಅರ್ಧ ಗೆಲ್ಲುವುದು ಹೊಡೆದಾಟಕ್ಕೆ ಮೊದಲೇ. ಹೆಜ್ಜೆ ಗುರುತು ನೋಡ್ತಾನೆ, ಗಾಯ ನೋಡ್ತಾನೆ, ಇದು ಯಾವ ಪ್ರಾಣಿ ಅಂತ ಕಂಡುಹಿಡೀತಾನೆ, ಅದಕ್ಕೆ ತಕ್ಕ ಎಣ್ಣೆ ಕತ್ತಿಗೆ ಸವರುತ್ತಾನೆ. ಮನುಷ್ಯರಿಗೆ ಉಕ್ಕಿನ ಕತ್ತಿ, ದೈತ್ಯಗಳಿಗೆ ಬೆಳ್ಳಿಯದ್ದು. ಟೇಬಲ್‌ನಲ್ಲಿ ಇದು ಪಾತ್ರದ ಬಲಗಳನ್ನು ಬರೆದಿಟ್ಟ ಆಟಗಾರನ ಹಾಳೆಯ ಕೆಲಸ ಅಲ್ಲ, ಆಟ ನಡೆಸುವವರ ಕೆಲಸ. ನಾನು ಮೊದಲೇ ಸುಳಿವು ಇಟ್ಟಿರಬೇಕು. ಬಾಗಿಲ ಮೇಲಿನ ಗೀರು, ತಿನ್ನದೆ ಬಿಟ್ಟ ಹೆಣ. ಸರಿಯಾಗಿ ಊಹಿಸಿದರೆ ಮೊದಲ ಏಟಿಗೆ ಅನುಕೂಲ ಸಿಗಬೇಕು. ಸುಳಿವೇ ಇಡದೆ ಸುಮ್ನೆ ದೈತ್ಯವನ್ನು ತಂದು ನಿಲ್ಲಿಸಿದರೆ, ಪಾಪ, ಅವನು ಬಿಳಿ ಕೂದಲಿನ ಇನ್ನೊಬ್ಬ ಫೈಟರ್ ಅಷ್ಟೇ.

ಡಾರ್ಕ್ ಸೋಲ್ಸ್ ಗೇಮ್‌ನ ಎಸ್ಟಸ್ ಫ್ಲಾಸ್ಕ್, ಅಂದರೆ ಕುಡಿದರೆ ಗಾಯ ಮಾಯುವ ಸೀಸೆ, ಕೇಳುವವರಿಗೂ ಇದನ್ನೇ ಹೇಳುತ್ತೇನೆ. ಬೆಂಕಿಯ ಬಳಿ ಕೂತರೆ ಫ್ಲಾಸ್ಕ್ ತುಂಬುತ್ತದೆ, ಜೊತೆಗೆ ಕೊಂದ ಶತ್ರುಗಳಲ್ಲಿ ಬಹುಪಾಲು ಮತ್ತೆ ಎದ್ದು ನಿಲ್ಲುತ್ತಾರೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ತಂದರೆ ಅದು ಮಾಮೂಲಿ ಔಷಧದ ಸೀಸೆ. ನಮ್ಮಲ್ಲಿ ಫ್ಲಾಸ್ಕ್ ಇದೆ. ಅದು ತುಂಬಬೇಕಾದರೆ ಪೂರ್ತಿ ವಿಶ್ರಾಂತಿ ಬೇಕು, ಮತ್ತು ಆ ಎಂಟು ಗಂಟೆಯಲ್ಲಿ ನೆಲಮಾಳಿಗೆಯಲ್ಲಿ ಕಾವಲು ಮತ್ತೆ ಸೇರುತ್ತದೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಜೋಡಿಯಾಗಿ ತನ್ನಿ. ಪೋರ್ಟಲ್ ಗೇಮ್‌ನ, ಗೋಡೆಯಿಂದ ಗೋಡೆಗೆ ದಾರಿ ತೆರೆಯುವ ಪೋರ್ಟಲ್ ಗನ್ ಕೇಳಿದರೂ ಹೆದರಬೇಕಿಲ್ಲ. ಆ ಗೇಮ್‌ನಲ್ಲೂ ಅದು ಎಲ್ಲ ಗೋಡೆಗೂ ಅಂಟೋದಿಲ್ಲ. ಅಂಟುವ ಗೋಡೆ ಎಲ್ಲೆಲ್ಲಿ ಇರಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

ನಿಜವಾಗಿ ಕಷ್ಟವಾಗುವುದು ಬೇರೆ ಕಡೆ. ಗೇಮ್‌ನ ಹೀರೋ ಹೆಚ್ಚಾಗಿ ಒಬ್ಬಂಟಿ. ಬೀಗ ತೆಗೆಯುವುದು, ಗುಡ್ಡ ಹತ್ತುವುದು, ಗಾಯ ಮಾಯಿಸುವುದು, ರಾಜನ ಹತ್ತಿರ ಮಾತಾಡುವುದು, ಎಲ್ಲ ಅವನೇ. ಟೇಬಲ್‌ನಲ್ಲಿ ನಾಲ್ಕು ಜನ ಕೂತಿರುತ್ತಾರೆ. ಅವನನ್ನು ಇಡಿಯಾಗಿ ತಂದರೆ ಉಳಿದ ಮೂವರು ನೋಡುತ್ತಾ ಕೂರಬೇಕು. ನಾನು ಎರಡೇ ವಿಷಯ ಆರಿಸಿ ಅನ್ನುತ್ತೇನೆ. ಜೆಲ್ಡಾ ಗೇಮ್‌ಗಳ ಹೀರೋ ಲಿಂಕ್ ಬೇಕಾ? ಕೊಕ್ಕೆ ಎಸೆದು ಎಳೆದುಕೊಳ್ಳುವ ಹುಕ್‌ಶಾಟ್ ಮತ್ತು ಗುರಾಣಿ ಇಟ್ಟುಕೋ, ಬಾಂಬು ಪಕ್ಕದವಳಿಗೆ ಬಿಡು. ಇದಕ್ಕೆ ಬೇಜಾರು ಮಾಡಿಕೊಳ್ಳುವವರೂ ಇದ್ದಾರೆ. ಆದರೂ ಈ ಒಂದು ವಿಷಯದಲ್ಲಿ ನಾನು ಬಗ್ಗೋದಿಲ್ಲ.

ಇನ್ನೊಂದು, ಅವರಿಗೆ ನೆನಪಿರುವುದು ಗೇಮ್ ಮುಗಿಯುವ ಹೊತ್ತಿನ ಹೀರೋ. ನಮ್ಮ ಆಟ ಶುರುವಾಗುವುದು ಒಂದನೇ ಲೆವೆಲ್‌ನಿಂದ. ಇದಕ್ಕೆ ಗೇಮ್‌ಗಳೇ ದಾರಿ ತೋರಿಸಿವೆ. 2002ರ ಮೆಟ್ರಾಯ್ಡ್ ಪ್ರೈಮ್‌ನ ಆರಂಭದಲ್ಲೇ ಒಂದು ಸ್ಫೋಟದಲ್ಲಿ ನಾಯಕಿ ಸೇಮಸ್‌ನ ಶಕ್ತಿಗಳು ಹೋಗುತ್ತವೆ, ಆಮೇಲೆ ಒಂದೊಂದಾಗಿ ಮರಳುತ್ತವೆ. ಕೊಡಲಿಗೂ ಹಾಗೇ ಮಾಡಿದೆವು. ಮೊದಲು ಬರೀ ನೆಡುವುದು, ಮೂರನೇ ಲೆವೆಲ್‌ಗೆ ಹೆಪ್ಪುಗಟ್ಟಿಸುವುದು, ಐದಕ್ಕೆ ವಾಪಸ್ ಬರುವಾಗಿನ ಗೀರು. ಹೀಗೆ ಅಂತ ಮೊದಲೇ ಕೂತು ಮಾತಾಡಿಕೊಂಡಿದ್ದರಿಂದ ಕಿತ್ತುಕೊಂಡರು ಅಂತ ಅವನಿಗೆ ಅನ್ನಿಸಲಿಲ್ಲ.

ಇಂಥ ನಿಯಮ ಬರೆಯುವಾಗ ಒಂದು ಕಾರ್ಡ್‌ಗಿಂತ ಜಾಸ್ತಿ ಬರೆಯಬೇಡಿ. ಪೆನ್ಸಿಲ್‌ನಲ್ಲಿ ಬರೆಯಿರಿ. ಮೂರು ಆಟ ಆದ ಮೇಲೆ ತಿದ್ದುತ್ತೇವೆ ಅಂತ ಆಟಗಾರರಿಗೆ ಮೊದಲ ದಿನವೇ ಹೇಳಿ. ಕೊಡಲಿಯ ಕಾರ್ಡ್ ಈಗ ನಾಲ್ಕು ಸಲ ತಿದ್ದಿಸಿಕೊಂಡಿದೆ. ಹೋದ ವಾರ ಅವನು ಅದನ್ನು ಒಂದು ಕೋಟೆ ಬಾಗಿಲಿನ ಚಕ್ರಕ್ಕೆ ನೆಟ್ಟು, ಎಲ್ಲರನ್ನೂ ಆಚೆ ದಾಟಿಸಿ, ಬಾಗಿಲು ಬೀಳುವ ಮುಂಚೆ ಕರೆದ. ಚಕ್ರದ ಬಗ್ಗೆ ಕಾರ್ಡ್‌ನಲ್ಲಿ ಏನೂ ಇರಲಿಲ್ಲ. ಆಟ ನಿಲ್ಲಿಸಿ, ಒಂದು ಸಾಲು ಸೇರಿಸಿ, ಅವನ ಕೈಗೆ ಕೊಟ್ಟೆ.