ಫಾರ್ಮುಲಾ ಒಂದೇ, ವಸ್ತು ಎರಡು ಹ್ಯಾಂಗ್ರಿ ಸರ?

ರಾಯಚೂರಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ನಡುವೆ ಲೋಹ, ಅದರ ಸುತ್ತ ಅಂಟಿದ ಗುಂಪುಗಳಿರುವ ಕೋಆರ್ಡಿನೇಶನ್ ಸಂಯುಕ್ತಗಳ ಪಾಠ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ: "ಸರ, ಫಾರ್ಮುಲಾ ಒಂದೇ ಅದ. ಮತ್ತ ವಸ್ತು ಎರಡು ಹ್ಯಾಂಗಾಗ್ತಾವ್ರಿ?"

ನಾನು ಚೌಕಾಬಾರದಿಂದ ಶುರು ಮಾಡುತ್ತೇನೆ. ಚೌಕದ ನಾಲ್ಕು ಬದಿಗೆ ಇಬ್ಬರು ಅಕ್ಕತಂಗಿ, ಇಬ್ಬರು ಅಣ್ಣತಮ್ಮ ಆಟಕ್ಕೆ ಕೂತಿದ್ದಾರೆ. ಅಕ್ಕತಂಗಿ ಪಕ್ಕಪಕ್ಕದ ಬದಿಗೆ ಕೂತರೂ ಎದುರುಬದುರು ಕೂತರೂ ತಲೆ ಎಣಿಸಿದರೆ ನಾಲ್ಕೇ. ಸೂತ್ರ ಹೇಳುವುದು ಆ ಎಣಿಕೆಯನ್ನಷ್ಟೇ, ಯಾರ ಎದುರು ಯಾರು ಎಂಬುದನ್ನಲ್ಲ. ನಡುವೆ ಪ್ಲಾಟಿನಂ, ಸುತ್ತ ಎರಡು ಅಮೋನಿಯಾ, ಎರಡು ಕ್ಲೋರೈಡ್ ಇಟ್ಟುಕೊಳ್ಳಿ. ಕ್ಲೋರೈಡ್‌ಗಳು ಪಕ್ಕಪಕ್ಕ ಇದ್ದರೆ ಸಿಸ್, ಎದುರುಬದುರಾದರೆ ಟ್ರಾನ್ಸ್.

ಜಾಗ ಬದಲಾದರೆ ಏನಾಗುತ್ತದೆ? ಈ ಸಿಸ್ ರೂಪ, ಅಂದರೆ ಸಿಸ್‌ಪ್ಲಾಟಿನ್, ಜೀವಕೋಶದೊಳಗೆ ಹೋದಾಗ ಅದರ ಕ್ಲೋರೈಡ್‌ಗಳು ಕಳಚುತ್ತವೆ. ತೆರವಾದ ಅಕ್ಕಪಕ್ಕದ ಜಾಗಗಳಲ್ಲಿ ಪ್ಲಾಟಿನಂ, ಡಿಎನ್‌ಎ ಎಳೆಯ ಅಕ್ಕಪಕ್ಕದ ಎರಡು ಗ್ವಾನಿನ್‌ಗಳನ್ನು (ಡಿಎನ್‌ಎಯ ಒಂದು ಘಟಕ) ಹಿಡಿದು ಎಳೆಯನ್ನೇ ಬಾಗಿಸುತ್ತದೆ. ಟ್ರಾನ್ಸ್‌ನಲ್ಲಿ ತೆರವಾಗುವ ಜಾಗಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗಿರುವುದರಿಂದ ಆ ಹಿಡಿತ ಸಿಗುವುದಿಲ್ಲ. 1978ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧವಾಗಿ ಒಪ್ಪಿಗೆ ಪಡೆದದ್ದು ಸಿಸ್.

ಬ್ರೋಮೈಡ್ ಸೂತ್ರದ ಆವರಣದ ಒಳಗೆ, ಅಂದರೆ ಲೋಹಕ್ಕೇ ಅಂಟಿಕೊಂಡಿದ್ದು, ಸಲ್ಫೇಟ್ ಹೊರಗಿದ್ದರೆ ನೇರಳೆ, ಅದಲುಬದಲಾದರೆ ಕೆಂಪು ಎಂಬಂಥ ಕೋಬಾಲ್ಟ್ ಜೋಡಿಗಳೂ ಇವೆ. ಅದು ಮಕ್ಕಳಿಗೆ ಬೇಗ ತಿಳಿಯುತ್ತದೆ.

ನಾನು ಗಂಟೆ ಹೊಡೆದರೂ ನಿಲ್ಲಿಸದ ಭಾಗ ಮುಂದಿನದು. 1893ರಲ್ಲಿ ರಸಾಯನವಿಜ್ಞಾನಿ ಆಲ್ಫ್ರೆಡ್ ವರ್ನರ್, ಲೋಹದ ಸುತ್ತಲಿನ ಆರು ಗುಂಪುಗಳು ಅಷ್ಟಮುಖಿಯ (ಎಂಟು ಮುಖ, ಆರು ಮೂಲೆಯ ಆಕಾರ) ಮೂಲೆಗಳಲ್ಲಿವೆ ಎಂದರು. ಅಣುವಿನ ಆಕಾರ ತೋರಿಸುವ ಎಕ್ಸ್-ರೇ ವಿಧಾನ ಆಗ ಹುಟ್ಟಿಯೇ ಇರಲಿಲ್ಲ. ಅವರು ರೂಪಗಳನ್ನು ಎಣಿಸಿದರು! ನಾಲ್ಕು ಅಮೋನಿಯಾ, ಎರಡು ಕ್ಲೋರೈಡ್ ಇರುವ ಕೋಬಾಲ್ಟ್ ಸಂಯುಕ್ತ ಚಪ್ಪಟೆ ಷಟ್ಕೋನವಾಗಿದ್ದರೆ ಮೂರು ರೂಪ ಸಿಗಬೇಕು, ತ್ರಿಕೋನ ಪಟ್ಟಕವಾಗಿದ್ದರೂ ಮೂರು, ಅಷ್ಟಮುಖಿಯಾದರೆ ಎರಡೇ. ಹಸಿರು ರೂಪ ಮೊದಲೇ ಗೊತ್ತಿತ್ತು. ಇನ್ನೊಂದಕ್ಕೆ ವರ್ಷಗಟ್ಟಲೆ ಹುಡುಕಿ, 1907ರಲ್ಲಿ ನೇರಳೆ ರೂಪವನ್ನು ತಯಾರಿಸಿದರು. ಮೂರನೆಯದು ಸಿಗಲೇ ಇಲ್ಲ. 1913ರಲ್ಲಿ ನೊಬೆಲ್ ಬಂತು.

ಇದನ್ನು ನಂಬಿ ಎಂದು ನಾನು ಹೇಳುವುದಿಲ್ಲ. ಒಂದು ಆಲೂಗಡ್ಡೆಗೆ ಮೇಲೆ, ಕೆಳಗೆ, ನಾಲ್ಕು ಪಕ್ಕಕ್ಕೆ ಕಸಬರಿಗೆ ಕಡ್ಡಿ ಚುಚ್ಚಿಸುತ್ತೇನೆ. ಎರಡು ತುದಿಗೆ ಶೇಂಗಾ, ಉಳಿದ ನಾಲ್ಕಕ್ಕೆ ನೆನೆಸಿದ ಕಡಲೆ. "ಮೂರನೇ ರೂಪ ಮಾಡಿ ತೋರಸ್ರಿ" ಎನ್ನುತ್ತೇನೆ. ಶೇಂಗಾ ಕಿತ್ತು ಬೇರೆ ಕಡ್ಡಿಗೆ ಸಿಕ್ಕಿಸುತ್ತಾರೆ, ಆಲೂಗಡ್ಡೆ ಹೊರಳಿಸುತ್ತಾರೆ, ಪಕ್ಕದವರ ಮಾದರಿಗೆ ಹಿಡಿದು ನೋಡುತ್ತಾರೆ. "ಸರ, ಇದೂ ಸಿಸ್ಸೇ ಆತ್ರಿ."