ಹಯಲೀಯಾದ ಆ ಅಮ್ಮ

ನನ್ನಕ್ಕ ಫ್ಲೋರಿಡಾದ ಹಯಲೀಯಾದಲ್ಲಿ ಇರೋದು, ಅವಳ ಪಕ್ಕದ್ಮನೆ ಕ್ಯೂಬಾದ ಅಮ್ಮ ಹೋದ ವಾರ ತೀರ್ಕೊಂಡ್ರು ಅಂತ ಫೋನ್ ಬಂತು, ಇಲ್ಲಿ ಚಿಕ್ಕಮಗಳೂರಲ್ಲಿ ನಮ್ಮಮ್ಮ ಸ್ವಂತದವರು ಹೋದಂಗೆ ಅತ್ತರು.

1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ದೋಣಿ ಹತ್ತಿ ಫ್ಲೋರಿಡಾಗೆ ಬಂದ್ರಲ್ಲ, ಅದರಲ್ಲಿ ಇವರೂ ಒಬ್ರು. ಜೊತೇಲಿ ಗಂಡ, ಇಬ್ರು ಪುಟ್ಟ ಮಕ್ಳು, ಅಷ್ಟೇ. ಬಟ್ಟೆ ಫ್ಯಾಕ್ಟರೀಲಿ ಹೊಲಿಗೆ ಕೆಲಸ ಮಾಡಿ ಮಕ್ಕಳನ್ನ ಓದಿಸಿದ್ರು, ಆಮೇಲೆ ಗಂಡನಿಗೆ ಸ್ಟ್ರೋಕ್ ಹೊಡೆದಾಗ ಕೊನೇವರೆಗೂ ಸ್ನಾನ, ಊಟ, ಮಾತ್ರೆ ಎಲ್ಲಾ ಇವರದ್ದೇ ಕೈಯಲ್ಲಿ, ಒಂದಿನಾನೂ ಬೇಜಾರು ತೋರಿಸ್ಲಿಲ್ಲ ಅಂತಾಳೆ ಅಕ್ಕ.

ನಮ್ಮಮ್ಮ ಅಕ್ಕನ ಬಾಣಂತನಕ್ಕೆ ಹೋಗಿದ್ದಾಗ ಪರಿಚಯ. ಇವರಿಗೆ ಸ್ಪ್ಯಾನಿಷ್, ಅಮ್ಮನಿಗೆ ಕನ್ನಡ, ಆದ್ರೂ ದಿನಾ ಮಧ್ಯಾಹ್ನ ಇಬ್ರೂ ಅಡುಗೆಮನೇಲಿ. ಆ ಕ್ಯೂಬಾದ ಅಮ್ಮ ಒಲೆ ಮೇಲಿನ ಸಣ್ಣ ಪಾತ್ರೇಲಿ ಕಾಫಿ ಡಿಕಾಕ್ಷನ್ ಉಕ್ಕಿ ಬರ್ತಿದ್ದಂಗೆ ಮೊದಲ ನಾಲ್ಕು ಹನೀನ ಸಕ್ಕರೆಗೆ ಹಾಕಿ ಗರಗರ ತಿರುವಿ ನೊರೆ ಎಬ್ಬಿಸೋರು, ಆಮೇಲೆ ಮಿಕ್ಕಿದ್ದು ಸುರಿಯೋದು, ಹಾಲಿಲ್ಲ, ಪುಟ್ಟ ಲೋಟ. ಅಮ್ಮ ನಮ್ ತೋಟದ ಪುಡಿ ಕೊಟ್ರೆ ಮೂಗಿಗೆ ಹಿಡಿದು ಕಣ್ಣು ಮುಚ್ಕೊಳ್ಳೋರಂತೆ. ಬಾಣಂತಿಗೆ ಅಂತ ಕೋಳಿ ಸೂಪು ಹಿಡ್ಕೊಂಡು ಬಂದು, ನಾವು ತಿನ್ನಲ್ಲ ಅಂತ ಗೊತ್ತಾಗಿ, ಮಾರನೇ ದಿನವೇ ಕಪ್ಪು ಬೀನ್ಸು, ಅನ್ನ ಮಾಡ್ಕೊಂಡು ಬಂದ ಹೆಂಗಸು ಅವರು, ಎಂಥಾ ಮನಸ್ಸು ನೋಡಿ.

ಅವರ ಮಗಳಿಗೆ ಕೊಡೋಕೆ ಅಮ್ಮ ಈ ಸಲದ ಪುಡಿ ಹುರಿಸ್ತಿದ್ದಾರೆ, ಅಕ್ಕ ಡಿಸೆಂಬರಲ್ಲಿ ಬಂದಾಗ ತಗೊಂಡು ಹೋಗ್ತಾಳೆ.